ಟಿಬೆಟ್ಟಿನ ರತ್ನಗಂಬಳಿ: ಗಡಿ ದಾಟಿ ಬಂದ ಕಸುಬು

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಶಾಲಾ ಪ್ರವಾಸದಲ್ಲಿ ಹೋಗಿ ಬಂದವರು ನಿಮ್ಮಲ್ಲಿ ಹಲವರಿರಬಹುದು. ಅಲ್ಲಿ ಬಂಗಾರ ಬಣ್ಣದ ಬುದ್ಧನ ವಿಗ್ರಹಗಳನ್ನು ಕಣ್ತುಂಬ ನೋಡಿರುತ್ತೀರಿ. ಆದರೆ ಟಿಬೆಟ್ಟಿನವರು ತಮ್ಮೊಡನೆ ತಂದ ಇನ್ನೊಂದು ಸಂಪತ್ತನ್ನು ಗಮನಿಸಿದ್ದೀರಾ? ಅದು ಕೈಮಗ್ಗದಲ್ಲಿ ನೇಯ್ದ ಉಣ್ಣೆಯ ರತ್ನಗಂಬಳಿ.

ಟಿಬೆಟ್ ಸಮುದ್ರಮಟ್ಟದಿಂದ ಸರಾಸರಿ 4,000 ಮೀಟರಿಗೂ ಎತ್ತರದಲ್ಲಿರುವ ಶೀತಪ್ರದೇಶ. ಅಲ್ಲಿನ ಕುರಿಗಳ ಉಣ್ಣೆ ಉದ್ದ ಎಳೆಯದು. ಸಹಜವಾದ ಜಿಡ್ಡಿನ ಅಂಶವಿರುವುದರಿಂದ ಹೊಳಪೂ ಬಾಳಿಕೆಯೂ ಹೆಚ್ಚು. ಅಲ್ಲಿ ರತ್ನಗಂಬಳಿಯೆಂದರೆ ದಿವಾನಖಾನೆಯ ಶೋಭೆಗಷ್ಟೇ ಮೀಸಲಾದ ವಸ್ತುವಲ್ಲ. 'ಖಾದೆನ್' ಎಂಬ ಹಾಸು ಸುಮಾರು 3 ಅಡಿ ಅಗಲ, 6 ಅಡಿ ಉದ್ದ. ಹಗಲು ಕುಳಿತುಕೊಳ್ಳಲು, ರಾತ್ರಿ ಮಲಗಲು ಅದೇ ಆಸರೆ. ಕುದುರೆಯ ಜೀನಿನ ಕೆಳಗೊಂದು, ಮೇಲೊಂದು ಹಾಸು. ಮಠಗಳಲ್ಲಿ ಭಿಕ್ಷುಗಳಿಗೆ ಚೌಕದ ಆಸನ. ಕಮಲ, ಮೋಡ, ಡ್ರ್ಯಾಗನ್, ಹುಲಿಯ ಪಟ್ಟೆ ಮುಂತಾದ ಚಿತ್ತಾರಗಳು. ಬಣ್ಣಕ್ಕೆ ಮಂಜಿಷ್ಠ, ಅಕ್ರೋಟಿನ ಸಿಪ್ಪೆ, ದೂರದಿಂದ ತರಿಸಿದ ನೀಲಿ. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಗ್ಯಾಂಟ್ಸೆ ಪಟ್ಟಣ ಈ ನೇಯ್ಗೆಗೆ ಹೆಸರಾಗಿತ್ತು.

ಇದರ ನೇಯ್ಗೆಯ ಕ್ರಮವನ್ನು ಸ್ವಲ್ಪ ತಿಳಿಯೋಣ. ನಮ್ಮ ನವಲಗುಂದದ ಜಮಖಾನೆ ಹಾಸುನೂಲು, ಹೊಕ್ಕುನೂಲುಗಳಿಂದಲೇ ಆದ ಚಪ್ಪಟೆ ನೇಯ್ಗೆ. ರತ್ನಗಂಬಳಿಯ ಮೇಲಾದರೋ ಉಣ್ಣೆಯ ಎಳೆಗಳು ಗರಿಕೆ ಹುಲ್ಲಿನಂತೆ ಎದ್ದು ನಿಂತಿರುತ್ತವೆ. ಪರ್ಷಿಯಾದ ನೇಕಾರರು ಒಂದೊಂದು ಗಂಟು ಹಾಕಿ, ಒಡನೆಯೇ ಎಳೆಯನ್ನು ಕತ್ತರಿಸುತ್ತಾರೆ. ಟಿಬೆಟ್ಟಿನವರ ರೀತಿಯೇ ಬೇರೆ. ನೆಟ್ಟಗೆ ನಿಲ್ಲಿಸಿದ ಮಗ್ಗದ ಹಾಸುನೂಲುಗಳ ಮುಂದೆ ಒಂದು ಕಡ್ಡಿಯನ್ನು ಅಡ್ಡಲಾಗಿ ಹಿಡಿದು, ಬಣ್ಣದ ಉಣ್ಣೆಯನ್ನು ಹಾಸುನೂಲಿನ ಹಿಂದಿನಿಂದ ತಂದು ಕಡ್ಡಿಗೆ ಕುಣಿಕೆಯಾಗಿ ಸುತ್ತುತ್ತ ಹೋಗುತ್ತಾರೆ. ಸಾಲು ಮುಗಿದ ಮೇಲೆ ಕಡ್ಡಿಯನ್ನು ಬಡಿದು ಬಿಗಿಗೊಳಿಸಿ, ಕುಣಿಕೆಗಳನ್ನು ಚಾಕುವಿನಿಂದ ಉದ್ದಕ್ಕೂ ಸೀಳುತ್ತಾರೆ. ಆಗ ಕಡ್ಡಿ ಬಿಡುಗಡೆಯಾಗುತ್ತದೆ, ಎಳೆಗಳು ಎದ್ದು ನಿಲ್ಲುತ್ತವೆ. ಕಡ್ಡಿ ಎಷ್ಟು ದಪ್ಪವೋ ಎಳೆಗಳು ಅಷ್ಟು ಎತ್ತರ. ಒಂದು ಮರದ ಚೌಕಟ್ಟು, ಒಂದು ಕಡ್ಡಿ, ಒಂದು ಚಾಕು: ಮುಖ್ಯ ಉಪಕರಣಗಳು ಇಷ್ಟೇ. ಉಳಿದದ್ದೆಲ್ಲ ಕೈಯಲ್ಲಿದೆ. ಇದನ್ನು ನೆನಪಿಡಿ, ಮುಂದಿನ ಇತಿಹಾಸಕ್ಕೆ ಇದೇ ಕೀಲಿಕೈ.

1959ರ ಮಾರ್ಚ್‌ನಲ್ಲಿ ಲಾಸಾ ನಗರದಲ್ಲಿ ದಂಗೆಯೆದ್ದು, ದಲಾಯಿ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಹತ್ತಾರು ಸಾವಿರ ಜನ ಹಿಮಾಲಯದ ಕಣಿವೆಗಳನ್ನು ದಾಟಿದರು. ಹೊಲ, ಮನೆ, ಕುರಿಮಂದೆ ಯಾವುದನ್ನೂ ಹೊತ್ತು ತರುವಂತಿರಲಿಲ್ಲ. ಕೈಯ ಕಸುಬಿಗೆ ಮಾತ್ರ ಗಡಿಯ ತಡೆಯಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಡಾರ್ಜಿಲಿಂಗಿನಲ್ಲಿ ನಿರಾಶ್ರಿತರ ಸ್ವಸಹಾಯ ಕೇಂದ್ರ ಆರಂಭವಾಯಿತು. ಬಳಿಕ ಸ್ವಿಸ್ ನೆರವಿನಿಂದ ನೇಪಾಳದ ಜಾವಲಾಖೇಲ್‌ನಲ್ಲಿ ಮಗ್ಗಗಳು ಎದ್ದವು. ಅಂದಿನ ಮೈಸೂರು ರಾಜ್ಯ 1960ರಲ್ಲಿ ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡಿನಲ್ಲಿ ನೆಲೆ ಕೊಟ್ಟಿತು. ಕಾಡು ಕಡಿದು ಮುಸುಕಿನ ಜೋಳ ಬೆಳೆದ ಈ ಜನ ಇಲ್ಲಿಯೂ ರತ್ನಗಂಬಳಿ ನೇಯ್ದರು.

ಆದರೆ ಒಂದು ಸಂಗತಿಯನ್ನು ಗಮನಿಸಿ. ಹೀಗೆ ಮಗ್ಗದ ಮುಂದೆ ಕುಳಿತವರಲ್ಲಿ ಎಲ್ಲರೂ ಹುಟ್ಟು ನೇಕಾರರಲ್ಲ. ಕುರಿ ಕಾಯುತ್ತಿದ್ದವರು, ಬೇಸಾಯಗಾರರು ಎಷ್ಟೋ ಮಂದಿ ವಲಸೆ ಬಂದ ಮೇಲೆಯೇ ಈ ಕೆಲಸ ಕಲಿತರು. ಪರಂಪರೆಯೆಂಬುದು ಬರೀ ಪಿತ್ರಾರ್ಜಿತ ಆಸ್ತಿಯಲ್ಲ. ಕಷ್ಟಕಾಲದಲ್ಲಿ ಕಲಿತು ಗಳಿಸಿಕೊಳ್ಳುವುದೂ ಹೌದು.

ಬೆಳವಣಿಗೆಗೆ ಇನ್ನೊಂದು ಮುಖವೂ ಇದೆ. 1990ರ ದಶಕದ ಆರಂಭಕ್ಕೆ ರತ್ನಗಂಬಳಿ ನೇಪಾಳದ ಅತಿ ದೊಡ್ಡ ರಫ್ತು ಸರಕಾಯಿತು. ಜರ್ಮನಿ ಮುಖ್ಯ ಗಿರಾಕಿ. ಟಿಬೆಟ್ಟಿನ ಉಣ್ಣೆಯೊಡನೆ ನ್ಯೂಜಿಲೆಂಡಿನ ಉಣ್ಣೆ ಬೆರೆಯಿತು. ಮಲಗುವ ಹಾಸು ಹಿಗ್ಗಿ ಯೂರೋಪಿನ ಹಜಾರದ ಅಳತೆಗೆ ಬಂತು, ಬಣ್ಣಗಳು ಗಿರಾಕಿಯ ರುಚಿಗೆ ತಕ್ಕಂತೆ ಮಂಕಾದವು. ನೇಯುವವರಲ್ಲಿ ಬಹುಮಂದಿ ನೇಪಾಳದ ಬೆಟ್ಟಗಾಡಿನ ಬಡವರು. ಅವರ ನಡುವೆ ನಿಮಗಿಂತಲೂ ಚಿಕ್ಕ ಮಕ್ಕಳಿದ್ದರು. ಈ ಸುದ್ದಿ ಹೊರಬಿದ್ದಾಗ ಬೇಡಿಕೆ ಕುಸಿಯಿತು. ಬಾಲಕಾರ್ಮಿಕರು ನೇಯ್ದುದಲ್ಲ ಎಂದು ಸಾರುವ 'ರಗ್‌ಮಾರ್ಕ್' ಮುದ್ರೆ 1994ರಲ್ಲಿ ಭಾರತದಲ್ಲಿ ಹುಟ್ಟಿತು. ಅದಕ್ಕಾಗಿ ಶ್ರಮಿಸಿದ ಕೈಲಾಶ್ ಸತ್ಯಾರ್ಥಿಯವರಿಗೆ 2014ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು.

ಹಾಗಾದರೆ ಒಂದು ಕಸುಬು ಉಳಿಯಿತು ಎಂದು ಯಾವಾಗ ಹೇಳಬೇಕು? ಸರಕು ಮಾರಾಟವಾದರೆ ಸಾಕೇ? ನೇಯುವ ಕೈಗೆ ಕೂಲಿ, ಗೌರವ ಎರಡೂ ಸಿಗಬೇಡವೇ? ನಮ್ಮ ಜಮಖಾನೆಯ ನೇಕಾರ್ತಿಯರ ವಿಷಯದಲ್ಲೂ ಈ ಪ್ರಶ್ನೆ ಅಷ್ಟೇ ಸಲ್ಲುತ್ತದೆ. ಮುಂದೆ ಎಲ್ಲಾದರೂ ಒಂದು ರತ್ನಗಂಬಳಿ ಕಣ್ಣಿಗೆ ಬಿದ್ದರೆ, ಅದರ ಚಿತ್ತಾರವನ್ನು ಮೆಚ್ಚಿ ಸುಮ್ಮನಾಗಬೇಡಿ. ಇದನ್ನು ನೇಯ್ದವರು ಯಾರು, ಎಲ್ಲಿಂದ ಬಂದವರು ಎಂದು ಕೇಳಿ. ಇತಿಹಾಸದ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.