ಅಕ್ಕಿ ಸಿಗದ ಕಾಲದ ಇಡ್ಲಿ

1942ರಲ್ಲಿ ಬರ್ಮಾ ಜಪಾನೀಯರ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಯನ್ನೇ ನಂಬಿದ್ದ ದಕ್ಷಿಣದ ಹೋಟೆಲುಗಳಿಗೆ ಇಡ್ಲಿ ಹಿಟ್ಟು ರುಬ್ಬುವುದೇ ಕಷ್ಟವಾಯಿತು.

ಬೆಂಗಳೂರಿನ ಬಸವನಗುಡಿಗೆ ಹತ್ತಿರದ ಮಾವಳ್ಳಿಯಲ್ಲಿ, ಕೋಟದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ್ದ ಹೋಟೆಲು ಆಗ ಅಕ್ಕಿ ಬಿಟ್ಟು ರವೆಗೆ ಕೈಹಾಕಿತು. ರವೆ ಇಡ್ಲಿ ಹುಟ್ಟಿದ್ದು ಹೀಗೆ ಎಂಬುದು ಎಂಟಿಆರ್‌ ಎಂದು ಹೆಸರಾದ ಆ ಹೋಟೆಲು ಹೇಳಿಕೊಂಡು ಬಂದ ಕಥೆ. ತುಪ್ಪದಲ್ಲಿ ಹುರಿದ ರವೆಗೆ ಮೊಸರು, ಸಾಸಿವೆ ಒಗ್ಗರಣೆ, ಕೊತ್ತಂಬರಿ ಸೊಪ್ಪು, ಗೋಡಂಬಿ. ಹಬೆಯಲ್ಲಿ ಉಬ್ಬಲು ಸ್ವಲ್ಪ ಸೋಡಾ. ರಾತ್ರಿಯಿಡೀ ಹುದುಗು ಬರಲಿ ಎಂದು ಕಾಯಬೇಕಿಲ್ಲ.

ಪೌಷ್ಟಿಕತೆಯ ಲೆಕ್ಕ ಕುತೂಹಲಕರ. ರವೆಯಲ್ಲಿ ಅಕ್ಕಿಗಿಂತ ಪ್ರೋಟೀನು ಹೆಚ್ಚು, ಆದರೆ ಆ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಅಕ್ಕಿ ಇಡ್ಲಿಯಲ್ಲಿ ಲೈಸಿನ್ ಕೊರತೆ ನೀಗಿಸುವುದು ಉದ್ದಿನಬೇಳೆ. ಇಲ್ಲಿ ಆ ಕೆಲಸ ಮೊಸರಿನದು. ಹುಳಿ ರುಚಿಯೂ ಮೊಸರಿನಿಂದಲೇ ಬಂತು. ಕೊರತೆಯ ನಡುವೆಯೂ ತಿನಿಸಿನ ಸತ್ವ ಬಿಟ್ಟುಕೊಡದ ಆ ಅಡುಗೆಮನೆಯ ಜಾಣ್ಮೆ ನಿಜಕ್ಕೂ ದೊಡ್ಡದು.

ಯುದ್ಧ ಅಡುಗೆ ಬದಲಿಸಿದ್ದು ಬೆಂಗಳೂರಿನಲ್ಲಿ ಮಾತ್ರವಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಮಾಂಸದ ಬರ ಬಂದಾಗ, ಕಲೋನ್ ನಗರದ ಮೇಯರ್ ಕೊನ್ರಾಡ್ ಅಡೆನಾವರ್ ಸೋಯಾ ಹಿಟ್ಟಿನ ಸಾಸೇಜು ರೂಪಿಸಿದರು. 1918ರಲ್ಲಿ ಬ್ರಿಟನ್‌ ಅದಕ್ಕೆ ಪೇಟೆಂಟ್ ಕೊಟ್ಟಿತು. ಮುಂದೆ ಅವರು ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದರು. ಮಾಂಸದ ಸಾಸೇಜಿನ ಜಾಗವನ್ನು ಸೋಯಾ ಹಿಡಿಯಲಿಲ್ಲ.

ರವೆ ಇಡ್ಲಿ ಮಾತ್ರ ಅಕ್ಕಿ ಮತ್ತೆ ಸಿಕ್ಕ ಮೇಲೂ ಉಳಿಯಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಬೆಲೆ ನಿಯಂತ್ರಣದಿಂದ ಹೋಟೆಲು ನಡೆಸುವುದು ಕಷ್ಟವಾದಾಗ ಎಂಟಿಆರ್ ದಿಢೀರ್ ಮಿಶ್ರಣಗಳ ಮಾರಾಟಕ್ಕಿಳಿಯಿತು. ಚಾಮರಾಜಪೇಟೆ, ಮಲ್ಲೇಶ್ವರದ ಮನೆಗಳಲ್ಲೂ ಈಗ ರವೆ ಇಡ್ಲಿ ಪೊಟ್ಟಣದಿಂದಲೇ ಇಡ್ಲಿ ತಟ್ಟೆಗೆ ಬರುತ್ತದೆ.