ರಾತ್ರಿ ಇಳಿದ ಹಾಲಿನ ಪುಡಿ

1967ರ ಮೇ 30ರಂದು ನೈಜೀರಿಯದ ಪೂರ್ವ ಪ್ರಾಂತ್ಯ ‘ಬಯಾಫ್ರ’ ಎಂಬ ಹೆಸರಿನಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಜುಲೈನಲ್ಲಿ ಯುದ್ಧ ಆರಂಭವಾಯಿತು. ನೈಜೀರಿಯ ಸರಕಾರ ಬಯಾಫ್ರದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಒಣಮೀನು, ಮಾಂಸ, ಉಪ್ಪು ಬರುವುದು ನಿಂತಿತು. ಪ್ರೋಟೀನ್ ಸಿಗದೆ ಮಕ್ಕಳ ಹೊಟ್ಟೆ ಊದಿಕೊಂಡಿತು, ಕೂದಲು ಕೆಂಚಾಯಿತು.

ಈ ಸುದ್ದಿ ಐರ್ಲೆಂಡಿನ ಮನಸ್ಸನ್ನು ಬೇಗನೆ ತಟ್ಟಿತು. ಅಲ್ಲಿನ ಕ್ಯಾಥೊಲಿಕ್ ಪಾದ್ರಿಗಳು ದಶಕಗಳಿಂದ ಇಗ್ಬೊ ಜನರ ನಡುವೆ ಶಾಲೆ, ಆಸ್ಪತ್ರೆ ನಡೆಸುತ್ತಿದ್ದರು. ಮೇಲಾಗಿ, 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಸುಮಾರು 10 ಲಕ್ಷ ಮಂದಿಯನ್ನು ಕಳೆದುಕೊಂಡ ದೇಶ ಅದು. 1968ರಲ್ಲಿ ಡಬ್ಲಿನ್ನಿನ ಜಾನ್ ಮತ್ತು ಕೇ ಓ'ಲಾಫ್ಲಿನ್-ಕೆನಡಿ ದಂಪತಿ ತಮ್ಮ ಮನೆಯಲ್ಲೇ ‘ಆಫ್ರಿಕ ಕನ್ಸರ್ನ್’ ಎಂಬ ಸಂಸ್ಥೆ ಕಟ್ಟಿದರು. ಬಯಾಫ್ರದಿಂದ ಮರಳಿದ್ದ ಪಾದ್ರಿ ರೇಮಂಡ್ ಕೆನಡಿ ಜಾನ್‌ರ ಸಹೋದರ. ‘ಒಂದು ಹಡಗು ಕಳಿಸೋಣ’ ಎಂಬುದಷ್ಟೇ ಅವರ ಮನವಿ. ಜನ ಹಣ ಕೊಟ್ಟರು. ಸೆಪ್ಟೆಂಬರಿನಲ್ಲಿ ‘ಕೊಲಂಕಿಲ್’ ಹಡಗು ಆಹಾರದ ಪುಡಿ, ಔಷಧ ಹೊತ್ತು ಪೋರ್ಚುಗೀಸರ ವಶದಲ್ಲಿದ್ದ ಸಾವೊ ಟೋಮೆ ದ್ವೀಪಕ್ಕೆ ಹೊರಟಿತು.

ಅಲ್ಲಿಂದ ಮುಂದೆ ವಿಮಾನ, ಅದೂ ಕತ್ತಲಲ್ಲಿ. ಊಲಿ ಎಂಬಲ್ಲಿ ಅಗಲಗೊಳಿಸಿದ ಹೆದ್ದಾರಿಯ ತುಂಡೊಂದೇ ರನ್‌ವೇ. ಶಸ್ತ್ರಾಸ್ತ್ರ ತರುವ ವಿಮಾನಗಳೂ ಅಲ್ಲೇ ಇಳಿಯುತ್ತಿದ್ದವು. ಹೀಗಾಗಿ, ಈ ನೆರವೇ ಸೋಲುವ ಯುದ್ಧವನ್ನು ಎಳೆಯಿತು ಎಂಬ ಟೀಕೆ ಇಂದಿಗೂ ಇದೆ. ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಹಸಿದ ಮಗುವಿನ ತಾಯಿಯ ಮುಂದೆ ಆ ವಾದ ಹೂಡುವುದೂ ಸುಲಭವಲ್ಲ.

1970ರ ಜನವರಿಯಲ್ಲಿ ಬಯಾಫ್ರ ಶರಣಾಯಿತು. ಅದೇ ವರ್ಷದ ನವೆಂಬರಿನಲ್ಲಿ ಪೂರ್ವ ಪಾಕಿಸ್ತಾನಕ್ಕೆ ಚಂಡಮಾರುತ ಅಪ್ಪಳಿಸಿತು. ಸಂಸ್ಥೆ ಅತ್ತ ಹೊರಳಿತು. ಹೆಸರಿನಿಂದ ‘ಆಫ್ರಿಕ’ ಬಿಟ್ಟುಹೋಗಿ ‘ಕನ್ಸರ್ನ್’ ಉಳಿಯಿತು.