ಸಾರಥಿಯ ಆಸನ, ಒಡೆಯನ ಆಸನ

ವಾಹನವು ಪ್ರಯಾಣದ ಸಾಧನವಾಗಿರುವಂತೆಯೇ ಅಂತಸ್ತಿನ ಗುರುತೂ ಆಗಿದೆ. ಇಂದು ಬೆಲೆಬಾಳುವ ಕಾರು ಎಂದೊಡನೆ ಚರ್ಮ ಹೊದಿಸಿದ ಆಸನಗಳು ಕಣ್ಣಮುಂದೆ ಬರುತ್ತವೆ. ಚರ್ಮವಿಲ್ಲದೆ ವೈಭವವಿಲ್ಲವೆಂಬ ಭಾವನೆ ಶ್ರೀಮಂತರಲ್ಲಿ ಬೇರೂರಿದೆ. ಆದರೆ ಒಂದೇ ಹೆಸರಿನ ಹಳೆಯ ಕಾರನ್ನೂ ಹೊಸ ಕಾರನ್ನೂ ಹೋಲಿಸಿ ನೋಡಿದರೆ ಇತಿಹಾಸವು ಬೇರೆಯೇ ಮಾತನ್ನು ಹೇಳುತ್ತದೆ.

ಇಂಗ್ಲೆಂಡಿನ ರೋಲ್ಸ್-ರಾಯ್ಸ್ ಸಂಸ್ಥೆಯು ‘ಫ್ಯಾಂಟಮ್’ ಎಂಬ ಕಾರನ್ನು ಹೊರತಂದದ್ದು 1925ರಲ್ಲಿ. ಆಗ ಸಂಸ್ಥೆಯು ಎಂಜಿನ್ ಮತ್ತು ಚೌಕಟ್ಟನ್ನು ಮಾತ್ರ ಒದಗಿಸುತ್ತಿತ್ತು. ಮೇಲಿನ ಒಡಲನ್ನು ಗ್ರಾಹಕರು ತಮಗೆ ಬೇಕಾದ ಕಾರ್ಖಾನೆಯಲ್ಲಿ ಕಟ್ಟಿಸಿಕೊಳ್ಳುತ್ತಿದ್ದರು. ಅಂಥ ಕಾರ್ಖಾನೆಗಳಲ್ಲಿ ಹಲವು ಕುದುರೆ ಸಾರೋಟುಗಳ ಕಾಲದಿಂದ ಬಂದವು. ಸಾರೋಟಿನಲ್ಲಿ ಸಾರಥಿಯು ಮಳೆ, ಬಿಸಿಲು, ಧೂಳಿಗೆ ಮೈಯೊಡ್ಡಿ ಕುಳಿತಿರುತ್ತಿದ್ದನು. ಆದುದರಿಂದ ಅವನ ಪೀಠಕ್ಕೆ ಒರೆಸಿದರೆ ಒಣಗುವ ಗಟ್ಟಿ ಚರ್ಮ. ಒಳಗೆ ಕುಳಿತ ಒಡೆಯನಿಗೆ ನಯವಾದ ಉಣ್ಣೆಯ ಬಟ್ಟೆ. ಅಂದಿನ ದೊಡ್ಡ ಕಾರುಗಳಲ್ಲಿಯೂ ಈ ಪದ್ಧತಿಯೇ ಮುಂದುವರಿಯಿತು. ಚರ್ಮವು ದುಡಿಮೆಯ ವಸ್ತುವಾಗಿತ್ತು, ಬಟ್ಟೆಯು ವೈಭವದ ವಸ್ತುವಾಗಿತ್ತು.

ಎರಡನೆಯ ಮಹಾಯುದ್ಧದ ಬಳಿಕ ಪರಿಸ್ಥಿತಿ ಬದಲಾಯಿತು. ಒಡೆಯರು ತಾವೇ ಕಾರು ನಡೆಸತೊಡಗಿದರು. ಸಾಮಾನ್ಯರ ಕಾರುಗಳಿಗೆ ಅಗ್ಗದ ಕೃತಕ ಹೊದಿಕೆಗಳು ಬಂದವು. ಅವುಗಳೆದುರು ಚರ್ಮವು ದುಬಾರಿಯಾಗಿ ಕಂಡು ಪ್ರತಿಷ್ಠೆಯ ಸ್ಥಾನವನ್ನು ಪಡೆಯಿತು. 2003ರಲ್ಲಿ ಅದೇ ಹೆಸರಿನಿಂದ ಹೊಸ ಫ್ಯಾಂಟಮ್ ಬಂದಾಗ ಹಿಂದಿನ ಆಸನಕ್ಕೂ ಚರ್ಮವೇ ಬಂದಿತ್ತು. ಒಂದು ಕಾರಿಗೆ ಹಲವು ಹೋರಿಗಳ ಚರ್ಮ ಬೇಕು. ಗರ್ಭಧಾರಣೆಯಿಂದ ಹಸುವಿನ ಚರ್ಮದಲ್ಲಿ ಹಿಗ್ಗಿದ ಗುರುತುಗಳು ಉಳಿಯುವುದೆಂದು ಹೋರಿಗಳನ್ನೇ ಆರಿಸುತ್ತಾರೆ.

ಜಪಾನಿನ ಟೊಯೋಟಾ ಸಂಸ್ಥೆ ಬೇರೆ ದಾರಿ ಹಿಡಿಯಿತು. 1967ರಿಂದ ಬಂದ ಅದರ ‘ಸೆಂಚುರಿ’ ಕಾರಿನಲ್ಲಿ ಗಣ್ಯರು ಕೂರುವುದು ಉಣ್ಣೆಬಟ್ಟೆಯ ಮೇಲೆ. ಅದು ಸದ್ದು ಮಾಡುವುದಿಲ್ಲವೆಂಬುದೇ ಅದರ ಹಿರಿಮೆ. ರೋಲ್ಸ್-ರಾಯ್ಸ್ ಕೂಡ 2022ರಲ್ಲಿ ಹಳೆಯ ಪದ್ಧತಿಯನ್ನು ನೆನೆದು, ಮುಂದೆ ಚರ್ಮ, ಹಿಂದೆ ಬಟ್ಟೆಯಿರುವ ಫ್ಯಾಂಟಮ್ ಒಂದನ್ನು ತೋರಿಸಿತು. ಆ ಬಟ್ಟೆಗಳಲ್ಲಿ ಒಂದು ಬಿದಿರಿನ ನಾರಿನದು.

ಬಸದಿಯ ಬಾಗಿಲಲ್ಲಿ ಚರ್ಮದ ಬೆಲ್ಟನ್ನೂ ಹಣದ ಚೀಲವನ್ನೂ ಹೊರಗಿಟ್ಟು ಒಳಹೋಗುವ ನಾವು, ಹೊರಬಂದು ಅನೇಕ ಪ್ರಾಣಿಗಳ ಚರ್ಮದ ಮೇಲೆ ಕುಳಿತು ಮನೆಗೆ ಹೋಗುವುದು ವಿಚಾರಮಾಡಬೇಕಾದ ಸಂಗತಿ. ಮಾಂಸಕ್ಕಾಗಿ ಕೊಂದ ಪ್ರಾಣಿಯ ಚರ್ಮವಲ್ಲವೇ ಎಂಬ ಸಮಾಧಾನವುಂಟು. ಆದರೆ ಚರ್ಮಕ್ಕೆ ಕೊಟ್ಟ ಹಣವೂ ಆ ವ್ಯಾಪಾರದ ಆದಾಯವೇ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಎಣಿಸುವ ಧರ್ಮಕ್ಕೆ ಈ ಸಮಾಧಾನ ಸಾಲದು. ಉಣ್ಣೆಯಾಗಲಿ, ಪೆಟ್ರೋಲಿಯಂನಿಂದಾದ ಕೃತಕ ಹೊದಿಕೆಯಾಗಲಿ ಸಂಪೂರ್ಣ ನಿರ್ದೋಷವೆಂದಲ್ಲ. ಹಿಂಸೆಯನ್ನು ಕಡಿಮೆಮಾಡುವುದು ಗೃಹಸ್ಥನಿಗೆ ಸಾಧ್ಯವಾದ ಮಾರ್ಗ.

ಆದುದರಿಂದ ಕುಟುಂಬವಾಗಲಿ, ಬಸದಿಯ ಆಡಳಿತ ಮಂಡಳಿಯಾಗಲಿ ಕಾರು ಕೊಳ್ಳುವಾಗ ಆಸನದ ಹೊದಿಕೆ ಯಾವುದೆಂದು ಮೊದಲೇ ವಿಚಾರಿಸಬೇಕು. ಬಟ್ಟೆಯ ಆಸನವಿದ್ದರೂ ಸ್ಟಿಯರಿಂಗ್ ಚಕ್ರಕ್ಕೆ, ಗೇರಿನ ಹಿಡಿಗೆ ಚರ್ಮ ಸುತ್ತಿರುವುದುಂಟು, ಅದನ್ನೂ ಕೇಳಬೇಕು. ಚರ್ಮವನ್ನು ಬೇಡವೆಂದವನ ಅಂತಸ್ತು ಕುಗ್ಗುವುದಿಲ್ಲ. ನೂರು ವರ್ಷಗಳ ಹಿಂದಿನ ಒಡೆಯನೂ ಬಟ್ಟೆಯ ಮೇಲೆಯೇ ಕುಳಿತಿದ್ದನು.